ಎರಡು ಹಿಡಿಯ ಮಷಿನ್ನು

ಡ್ರಿಲ್ಲಿನ ದನಿ ಬದಲಾದದ್ದು ಮೊದಲು ಅಲ್ದೀನಾಳಿಗೇ ಗೊತ್ತಾಯಿತು. ಬಕೆಟ್ಟನ್ನು ಎರಡು ಬೂಟುಗಳ ನಡುವೆ ಅಮುಕಿ ಹಿಡಿದು ಅವಳು ಟೈಲ್ಸ್ ಕೂರಿಸುವ ಗಾರೆ ಕಲಸುತ್ತಿದ್ದಳು. ಡ್ರಿಲ್ಲಿನ ಮೂತಿಗೆ ಸಿಕ್ಕಿಸಿದ್ದ ಉದ್ದನೆಯ ಕಡೆಗೋಲು ಆ ಗಟ್ಟಿ ಗಾರೆಯಲ್ಲಿ ತಿರುಗಲಾರದೆ ತಿರುಗುತ್ತಿತ್ತು. ದನಿ ಮೊದಲು ದಪ್ಪಗಾಯಿತು, ಆಮೇಲೆ ನರಳಿದಂತಾಯಿತು, ಕೊನೆಗೆ ಹಿಂಬದಿಯ ಸೀಳುಗಳಿಂದ ತೆಳ್ಳಗೆ ಹೊಗೆ ಎದ್ದು ಮಷಿನ್ನು ನಿಂತೇ ಹೋಯಿತು. ಸುಟ್ಟ ವೈರಿನ ವಾಸನೆ ನೆಲಮಾಳಿಗೆಯ ತುಂಬ ಹರಡಿತು.

ಸ್ನಾನದ ಕೋಣೆಯ ಗೋಡೆಗೆ ಟೈಲ್ಸ್ ಅಂಟಿಸುತ್ತಿದ್ದ ಅವಳ ಗಂಡ ಅಮಾರೊ ಕರಣೆ ಹಿಡಿದುಕೊಂಡೇ ಹೊರಗೆ ಬಂದ. ಬಗ್ಗಿ ಮಷಿನ್ನನ್ನು ಮುಟ್ಟಿದವನು ಬಿಸಿ ತಾಕಿ ಕೈಯನ್ನು ಹಿಂದಕ್ಕೆಳೆದುಕೊಂಡ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದುಕೊಂಡಳು ಅಲ್ದೀನಾ. ಬೋರಲು ಹಾಕಿದ್ದ ಖಾಲಿ ಬಕೆಟ್ಟಿನ ಮೇಲೆ ಕೂತು, ಬಲಭುಜವನ್ನು ಎಡಗೈಯಿಂದ ನೀವಿಕೊಳ್ಳುತ್ತ, ಅವನು ಅರ್ಧ ಕಲಸಿದ ಗಾರೆಯನ್ನೇ ನೋಡತೊಡಗಿದ.

“ಇದಕ್ಕೂ ಸಾಕಾಯ್ತು ಅಂತ ಕಾಣತ್ತೆ,” ಅಂದ.

ಅಲ್ದೀನಾ ಒಂದು ಮರದ ಪಟ್ಟಿ ಹುಡುಕಿ ತಂದು ಕೈಯಲ್ಲೇ ಕಲಸಲು ನೋಡಿದಳು. ಗಾರೆ ಆಗಲೇ ಬಿಗಿಯತೊಡಗಿತ್ತು, ಅಡಿಯಲ್ಲಿ ಪುಡಿ ಗಂಟುಗಂಟಾಗಿ ಉಳಿದಿತ್ತು. ಅಮಾರೊ ಬೇಡವೆಂದು ತಲೆಯಾಡಿಸಿದ. ಇಬ್ಬರೂ ಸೇರಿ ಬಕೆಟ್ಟನ್ನು ಮೆಟ್ಟಿಲು ಹತ್ತಿಸಿ, ಹಿತ್ತಿಲಲ್ಲಿ ಕೊಳೆಯಾಗಿ ಕರಗುತ್ತಿದ್ದ ಹಿಮದ ಗುಡ್ಡೆಯ ಪಕ್ಕ ಇಟ್ಟು ಬಂದರು. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

ಅಮಾರೊ ಟೊರಾಂಟೊಗೆ ಬಂದಾಗ ಇಪ್ಪತ್ತರ ಹರೆಯದವನು. ಪೋರ್ಚುಗಲ್ಲಿನ ಅಸೋರ್ಸ್ ದ್ವೀಪಗಳಿಂದ ಒಟ್ಟಿಗೆ ಬಂದ ದೊಡ್ಡಪ್ಪನ ಮಗ ಬೆಂತೊ ಮತ್ತು ಅವನು ಆವತ್ತಿನಿಂದಲೂ ಜೋಡೆತ್ತಿನ ಹಾಗೆ ದುಡಿದವರು. ಮನೆಗಳ ಒಳಗೋಡೆಗೆ ಜಿಪ್ಸಮ್ ಹಲಗೆ ಹೊಡೆಯುವುದು, ಹಲಗೆಗಳ ನಡುವಿನ ಸಂದಿಗೆ ಪುಟ್ಟಿ ಮೆತ್ತಿ ನುಣುಪು ಮಾಡುವುದು, ಸ್ನಾನದ ಕೋಣೆಗೆ ಟೈಲ್ಸ್ ಕೂರಿಸುವುದು, ಇವೇ ಅವರ ಕೆಲಸ. ಕಲಸುವುದು ಬೆಂತೊ, ಬಳಿಯುವುದು ಅಮಾರೊ. ಬೆಂತೊನ ತೋಳು ಹಂದಿಯ ತೊಡೆಯಂತಿತ್ತು. ಎಂಥ ಮಷಿನ್ನು ಕೊಟ್ಟರೂ ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸಿಗರೇಟು ಸೇದುತ್ತ ಕಲಸಿಬಿಡುತ್ತಿದ್ದ. ಆ ಬೆಂತೊ ಕಳೆದ ಶರತ್ಕಾಲದಲ್ಲಿ ಹೆಂಡತಿಯ ಹಟಕ್ಕೆ ಮಣಿದು ದ್ವೀಪಕ್ಕೇ ವಾಪಸು ಹೋಗಿಬಿಟ್ಟ.

ಅಷ್ಟು ಹೊತ್ತಿಗೆ ಅಮಾರೊನ ಬಲಭುಜ ಕೈಕೊಟ್ಟಿತ್ತು. ತಲೆಯ ಮೇಲಿನ ಸೂರಿಗೆ ವರ್ಷಗಟ್ಟಲೆ ಪುಟ್ಟಿ ಎಳೆದೆಳೆದು ಅದರೊಳಗಿನ ನರ ಹಗ್ಗದಂತೆ ಸವೆದಿದೆ ಎಂದು ಡಾಕ್ಟರು ಹೇಳಿದ್ದರು. ಕರಣೆ ಹಿಡಿಯಬಲ್ಲ, ಗೋಡೆಗೆ ಎಳೆಯಬಲ್ಲ. ಆದರೆ ಅದುರುವ, ಒದೆಯುವ ಮಷಿನ್ನನ್ನು ಹಿಡಿಯಲಾರ. ಸಹಾಯಕ್ಕೆ ಇಬ್ಬರು ಮೂವರು ಬಂದರು. ಒಬ್ಬ ಫೋನಿನಲ್ಲೇ ಮುಳುಗಿರುತ್ತಿದ್ದ, ಒಬ್ಬ ಹೇಳದೆ ಕೇಳದೆ ಬರುವುದನ್ನೇ ಬಿಟ್ಟ, ಇನ್ನೊಬ್ಬನಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು.

ಅಲ್ದೀನಾ ಪೇಟೆ ನಡುವಿನ ಆಫೀಸು ಕಟ್ಟಡದಲ್ಲಿ ಕಸ ಗುಡಿಸಿ ನೆಲ ಒರೆಸುತ್ತಿದ್ದವಳು. ಆ ಕಟ್ಟಡದ ಕೆಲಸವನ್ನು ಬೇರೆಯವರು ಹಿಡಿದ ಮೇಲೆ ಹಳಬರನ್ನೆಲ್ಲ ಮನೆಗೆ ಕಳಿಸಿದರು. ಮೊದಲ ವಾರ ಅವಳು ಹೊದ್ದು ಮಲಗಿದಳು. ಎರಡನೆಯ ವಾರ ಅಡುಗೆಮನೆಯ ಕಪಾಟುಗಳನ್ನೆಲ್ಲ ತೊಳೆದಳು. ಆಮೇಲೊಂದು ದಿನ ಬೆಳಿಗ್ಗೆ, ಪುಟ್ಟಿಯ ಚೀಲವನ್ನು ವ್ಯಾನಿಗೆ ಹತ್ತಿಸಲಾರದೆ ಗಂಡ ಒದ್ದಾಡುವುದನ್ನು ಕಿಟಕಿಯಿಂದ ನೋಡಿ, ಕೋಟು ತೊಟ್ಟು ಕೆಳಗಿಳಿದಳು. ಅಂದಿನಿಂದ ಅವನ ಜೊತೆ ಹೋಗತೊಡಗಿದಳು. ಬಾ ಎಂದು ಅವನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದು ಮಾತು ಮಾತ್ರ ಹೇಳಿದ.

“ಯಾರಾದ್ರೂ ಕೇಳಿದ್ರೆ ಕ್ಲೀನಿಂಗಿಗೆ ಬಂದಿದೀನಿ ಅನ್ನು. ಹೆಂಡ್ತಿ ಕೈಲಿ ಗಾರೆ ಕಲಸಿಸ್ತಾನೆ ಅಂತ ನಮ್ಮೂರೋರ ಕ್ಲಬ್ಬಲ್ಲಿ ಆಡ್ಕೋತಾರೆ.”

ಹೂಂ ಅಂದಿದ್ದಳು. ಅದರಲ್ಲಿ ಜಗಳವಾಡುವಂಥದ್ದು ಏನೂ ಕಂಡಿರಲಿಲ್ಲ. ಎಟೊಬಿಕೊ ಬಡಾವಣೆಯ ಈ ನೆಲಮಾಳಿಗೆಯ ಕೆಲಸ ಕೊಟ್ಟಿದ್ದ ಒರೀಸ್ಯಾ ಎಂಬ ನಿವೃತ್ತ ಶಿಕ್ಷಕಿಗೂ ಅಮಾರೊ ಹಾಗೆಯೇ ಹೇಳಿದ್ದ. ಆಕೆ ಮೇಲಿನಿಂದ ಇಳಿದು ಬರುವ ಸದ್ದಾದರೆ ಅಲ್ದೀನಾ ಡ್ರಿಲ್ಲನ್ನು ಕೆಳಗಿಟ್ಟು ಪೊರಕೆ ಎತ್ತಿಕೊಳ್ಳುತ್ತಿದ್ದಳು. ಎತ್ತಿಕೊಳ್ಳುವಾಗ ಒಂದೊಂದು ಸಲ ನಗುವೂ ಬರುತ್ತಿತ್ತು. ಆದರೆ ಆ ಹೊತ್ತಿನ ಸುಸ್ತಿಗೆ ನಗು ಬಾಯಿಯವರೆಗೆ ಬರುತ್ತಿರಲಿಲ್ಲ.

ಡ್ರಿಲ್ಲು ಸುಟ್ಟ ದಿನ ಇಬ್ಬರೂ ಸೀದಾ ಡಂಡಾಸ್ ಬೀದಿಯಲ್ಲಿದ್ದ ಗಾಸ್ಪರನ ಅಂಗಡಿಗೆ ಹೋದರು. ಸುತ್ತಮುತ್ತಲಿನ ಗಾರೆಯವರು, ಬಡಗಿಗಳು, ಪ್ಲಂಬರುಗಳು ಎಲ್ಲರಿಗೂ ಅದೇ ಅಂಗಡಿ. ಮೂಲೆಯಲ್ಲಿ ಕಾಫಿ ಮಷಿನ್ನೂ ಇದ್ದುದರಿಂದ ಕೊಳ್ಳುವವರಿಗಿಂತ ಕೂತವರೇ ಹೆಚ್ಚು. ಅವತ್ತು ಗಲ್ಲಾಪೆಟ್ಟಿಗೆಯ ಬಳಿ ಝೆಫೆರೀನೊ ಕೂತಿದ್ದ. ಛಾವಣಿ ಕೆಲಸದವನು, ನಲವತ್ತರ ಆಸುಪಾಸು, ಬಾಯಿಗೆ ಬೀಗವಿಲ್ಲದವನು.

“ಏನು ಮೇಸ್ತ್ರಿ, ಪಿಂಚಣಿ ತಗೊಳ್ಳೋ ವಯಸ್ಸಲ್ಲಿ ಹೊಸ ಮಷಿನ್ನಾ?”

“ನಿನ್ನಂಥೋರು ಕಟ್ಟಿದ್ದನ್ನ ರಿಪೇರಿ ಮಾಡೋಕೆ ಯಾರಾದ್ರೂ ಬೇಕಲ್ಲ,” ಅಂದ ಅಮಾರೊ.

ಗಾಸ್ಪರ್ ಸುಟ್ಟ ಡ್ರಿಲ್ಲನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ. ಇದು ತೂತು ಕೊರೆಯುವುದಕ್ಕೆ ಮಾಡಿದ್ದು, ಓಡುವ ಕುದುರೆಯನ್ನು ನೊಗಕ್ಕೆ ಕಟ್ಟಿದರೆ ಇನ್ನೇನಾಗುತ್ತದೆ ಎಂದ. ಆಮೇಲೆ ನಿಧಾನವಾಗಿ ವಿವರಿಸಿದ. ಕಲಸುವುದಕ್ಕೆ ಬೇಕಾದದ್ದು ವೇಗವಲ್ಲ, ಬಲ. ಟೈಲ್ಸಿನ ಗಾರೆಗಂತೂ ನಿಧಾನವಾಗಿ, ಬಿಡದೆ ತಿರುಗುವ ಮಷಿನ್ನೇ ಆಗಬೇಕು. ಪುಟ್ಟಿಗೆ ಸ್ವಲ್ಪ ಜೋರು ನಡೆಯುತ್ತದೆ, ಆದರೆ ತೀರಾ ಜೋರಾದರೆ ಮಜ್ಜಿಗೆ ಕಡೆದಂತೆ ಗಾಳಿ ಸೇರಿಕೊಂಡು, ಗೋಡೆ ಒಣಗಿದ ಮೇಲೆ ಸೂಜಿ ಚುಚ್ಚಿದಂಥ ತೂತುಗಳು ಬೀಳುತ್ತವೆ. ಅಲ್ದೀನಾ ಕೇಳಿಸಿಕೊಂಡಳು. ಆ ತೂತುಗಳನ್ನು ಮುಚ್ಚಲು ಅಮಾರೊ ಒಂದೇ ಗೋಡೆಗೆ ಮತ್ತೆ ಮತ್ತೆ ಪುಟ್ಟಿ ಎಳೆಯುವುದನ್ನು ಅವಳು ಈ ಚಳಿಗಾಲವೆಲ್ಲ ನೋಡಿದ್ದಳು. ಅದು ಅವಳು ಕಲಸಿದ್ದರ ಫಲವೆಂದು ಅವನು ಒಮ್ಮೆಯೂ ಹೇಳಿರಲಿಲ್ಲ.

ಗಾಸ್ಪರ್ ಕೊನೆಗೆ ಕೇಳಿದ. “ಹಿಡ್ಕೊಳ್ಳೋರು ಯಾರು?”

ಅಮಾರೊ ಝೆಫೆರೀನೊನ ಕಡೆ ಒಮ್ಮೆ ನೋಡಿದ. “ಇನ್ಯಾರು, ನಾನೇ.”

“ಭುಜ?”

“ಭುಜಕ್ಕೇನಾಗಿದೆ? ಬೆಂತೊ ಹಿಡೀತಿದ್ದನಲ್ಲ, ಆ ಥರದ್ದು ಕೊಡು. ಇರೋದ್ರಲ್ಲೇ ಜೋರಾದ್ದು.”

ಗಾಸ್ಪರ್ ಅಲ್ದೀನಾಳ ಮುಖ ನೋಡಿದ. ಅವಳು ಕೈಗವಸು ತೂಗುಹಾಕಿದ್ದ ಸಾಲಿನ ಕಡೆ ತಿರುಗಿಕೊಂಡಳು. ಅಂಗಡಿಯವನು ಕಪಾಟಿನಿಂದ ಒಂದು ದಪ್ಪ ಡ್ರಿಲ್ಲನ್ನು ಇಳಿಸಿದ. ಪಿಸ್ತೂಲಿನಂತೆ ಹಿಂದೊಂದು ಹಿಡಿ, ಪಕ್ಕಕ್ಕೆ ಚಾಚಿಕೊಂಡ ಒಂದು ಕಬ್ಬಿಣದ ಹಿಡಿ. ಪಕ್ಕದ ಹಿಡಿಯನ್ನು ಯಾವತ್ತೂ ಬಿಡಬಾರದು, ಇದು ಒದ್ದರೆ ಕತ್ತೆ ಒದ್ದ ಹಾಗೆ ಎಂದು ಎರಡು ಸಲ ಹೇಳಿದ. ಅಮಾರೊ ಅದನ್ನು ಎಡಗೈಯಲ್ಲಿ ಎತ್ತಿ ತೂಗಿ ನೋಡಿ, ಹೂಂ ಅಂದ. ವ್ಯಾನಿನಲ್ಲಿ ಮನೆಗೆ ಹೋಗುವಾಗ ಆ ಡಬ್ಬ ಅಲ್ದೀನಾಳ ತೊಡೆಯ ಮೇಲಿತ್ತು.

ಮಾರನೆಯ ದಿನ ಬೆಳಿಗ್ಗೆ ಒಂದು ಬಕೆಟ್ ಗಾರೆ ಸರಾಗವಾಗಿಯೇ ಕಲಸಿ ಮುಗಿಯಿತು. ಹೊಸ ಮಷಿನ್ನಿಗೆ ಗಾರೆ ಯಾವ ಲೆಕ್ಕಕ್ಕೂ ಇರಲಿಲ್ಲ. ಅಲ್ದೀನಾಳಿಗೆ ಬಂದ ಕಷ್ಟವೆಂದರೆ ಎತ್ತರದ್ದು. ಕಡೆಗೋಲು ಉದ್ದ, ಅದರ ಮೇಲೆ ಮಷಿನ್ನು, ಅವಳು ಗಿಡ್ಡ. ಹಿಡಿ ಅವಳ ಎದೆಯವರೆಗೆ ಬರುತ್ತಿತ್ತು. ಮೊಣಕೈ ಎತ್ತಿ ಹಿಡಿದುಕೊಂಡೇ ಕಲಸಬೇಕು. ಸ್ವಿಚ್ಚು ಒತ್ತಿ ಒತ್ತಿ ಬೆರಳು ಜೋಮುಗಟ್ಟಿದಾಗ, ಅದನ್ನು ಒತ್ತಿದಂತೆಯೇ ನಿಲ್ಲಿಸುವ ಗುಂಡಿಯೊಂದು ಪಕ್ಕದಲ್ಲಿದ್ದದ್ದು ಕಂಡು ಅದನ್ನು ಅದುಮಿದಳು.

ಎರಡನೆಯ ಬಕೆಟ್ಟಿನಲ್ಲಿ ಅದಾಯಿತು. ತಳದಲ್ಲಿ ನೆನೆಯದ ಪುಡಿ ಗಟ್ಟಿಯಾಗಿ ಕೂತಿತ್ತು. ಕಡೆಗೋಲು ಅದಕ್ಕೆ ಕಚ್ಚಿಕೊಂಡಿತು. ತಿರುಗಬೇಕಾದದ್ದು ತಿರುಗದೆ ಮಷಿನ್ನೇ ತಿರುಗಿತು. ಪಕ್ಕದ ಹಿಡಿ ಅವಳ ಎಡಗೈಯಿಂದ ಕಿತ್ತುಕೊಂಡು ಹೋಗಿ ಪಕ್ಕೆಗೆ ಬಡಿಯಿತು, ಹಿಂದಿನ ಹಿಡಿ ಬಲಗೈ ಮಣಿಕಟ್ಟನ್ನು ಒದ್ದೆ ಬಟ್ಟೆಯಂತೆ ಹಿಂಡಿತು. ಅವಳು ಕೈಬಿಟ್ಟಳು. ಗುಂಡಿ ಅದುಮಿದ್ದರಿಂದ ಮಷಿನ್ನು ನಿಲ್ಲಲಿಲ್ಲ. ಬಕೆಟ್ಟನ್ನೂ ಸುತ್ತಿಸಿಕೊಂಡು, ವೈರನ್ನು ತನಗೇ ಸುತ್ತಿಕೊಂಡು, ಪ್ಲಗ್ಗು ಗೋಡೆಯಿಂದ ಕಿತ್ತು ಬಂದ ಮೇಲೆಯೇ ಸುಮ್ಮನಾಯಿತು. ಹಿಂದಿನ ದಿನ ಅಮಾರೊ ನುಣುಪು ಮಾಡಿದ್ದ ಗೋಡೆಗೆ ಸೊಂಟದೆತ್ತರಕ್ಕೆ ಗಾರೆ ರಾಚಿತ್ತು.

ಅಮಾರೊ ಓಡಿ ಬಂದಾಗ ಅವಳು ನೆಲದ ಮೇಲೆ ಕೂತು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಕೂಗಿರಲಿಲ್ಲ. ಸದ್ದು ಕೇಳಿ ಒರೀಸ್ಯಾ ಇಳಿದು ಬಂದರು. ಫ್ರೀಜರಿನಿಂದ ಬಟಾಣಿಯ ಪೊಟ್ಟಣ ತಂದು ಮಣಿಕಟ್ಟಿನ ಮೇಲಿಟ್ಟು, ಕ್ಲೀನಿಂಗಿಗೆ ಬಂದವರು ಇಂಥದ್ದನ್ನೆಲ್ಲ ಯಾಕೆ ಮುಟ್ಟಲು ಹೋದಿರಿ ಎಂದು ಮೆಲ್ಲಗೆ ಗದರಿದರು. ಅಲ್ದೀನಾ ಗಂಡನ ಮುಖ ನೋಡಿದಳು. ಅವನು ಗೋಡೆಯ ಕಡೆ ತಿರುಗಿ, ಹಸಿ ಗಾರೆಯನ್ನು ಕರಣೆಯಿಂದ ಕೆರೆಯುತ್ತಿದ್ದ.

ಅವಳ ಕೈಗಾದ ನೋವಿಗಿಂತ ಆ ಬೆನ್ನು ಅವಳನ್ನು ಹೆಚ್ಚು ಸುಸ್ತು ಮಾಡಿತು.

ಆ ದಿನದ ಉಳಿದ ಹೊತ್ತು ಅಮಾರೊ ತಾನೇ ಎಡಗೈಯಲ್ಲಿ ಕಲಸಿದ. ಅವಳು ಬಕೆಟ್ಟು ತಿರುಗದಂತೆ ಕಾಲಲ್ಲಿ ಒತ್ತಿ ಹಿಡಿದಳು. ಪ್ರತಿ ಬಕೆಟ್ಟಾದ ಮೇಲೂ ಅವನು ಗೋಡೆಗೊರಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸಂಜೆ ಕ್ಲಿನಿಕ್ಕಿನಲ್ಲಿ ಮೂಳೆ ಮುರಿದಿಲ್ಲ, ಉಳುಕಿದೆ ಎಂದು ಹೇಳಿ ಪಟ್ಟಿ ಸುತ್ತಿ ಕಳಿಸಿದರು. ಮನೆಯಲ್ಲಿ ಅವನೇ ಸಾರು ಬಿಸಿ ಮಾಡಿದ, ಬ್ರೆಡ್ಡನ್ನು ತುಂಡು ಮಾಡಿ ಅವಳ ತಟ್ಟೆಯ ಪಕ್ಕ ಇಟ್ಟ. ಕ್ಷಮಿಸು ಎನ್ನುವ ಅಭ್ಯಾಸ ಅವನಿಗಿರಲಿಲ್ಲ. ಇದೇ ಅವನ ಕ್ಷಮಾಪಣೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಈ ಸಲ ಅದು ಸಾಲಲಿಲ್ಲ.

ಶನಿವಾರ ಮಧ್ಯಾಹ್ನ ಅಮಾರೊ ಇಸ್ಪೀಟಾಡಲು ಕ್ಲಬ್ಬಿಗೆ ಹೋದ. ಅಲ್ದೀನಾ ತರಕಾರಿ ತರುವ ಗಾಲಿಚೀಲದಲ್ಲಿ ಡ್ರಿಲ್ಲಿನ ಡಬ್ಬ ಇಟ್ಟುಕೊಂಡು, ಎಡಗೈಯಲ್ಲಿ ಎಳೆದುಕೊಂಡು ಟ್ರಾಮು ಹತ್ತಿದಳು. ಸೀಟಿನಲ್ಲಿ ಕೂತಾಗ ಇಳಿಯುವುದೇ ಬೇಡ, ಹೀಗೇ ಕೊನೆಯ ನಿಲ್ದಾಣದವರೆಗೆ ಹೋಗಿ ಹೀಗೇ ವಾಪಸು ಬಂದುಬಿಡೋಣ ಎನಿಸಿತು. ಆದರೂ ಇಳಿದಳು.

ಅಂಗಡಿಯಲ್ಲಿ ಆಗ ಯಾರೂ ಇರಲಿಲ್ಲ. ಅವಳು ಡಬ್ಬವನ್ನು ಗಲ್ಲಾದ ಮುಂದಿಟ್ಟಳು. ಗಾಸ್ಪರ್ ಅವಳ ಕೈಪಟ್ಟಿ ನೋಡಿದ.

“ಹಿಡ್ಕೊಳ್ಳೋಳು ನಾನು,” ಅಂದಳು. “ಆವತ್ತು ನೀವು ಕೇಳಿದ್ರಿ. ಹೇಳ್ಬೇಕಾಗಿತ್ತು, ಹೇಳ್ಲಿಲ್ಲ.”

“ನಂಗೂ ಅನುಮಾನ ಬಂತು ದೋನಾ ಅಲ್ದೀನಾ. ನಾನೂ ಬಾಯಿಬಿಟ್ಟು ಕೇಳ್ಬೇಕಾಗಿತ್ತು,” ಎಂದ ಗಾಸ್ಪರ್, ತಮ್ಮ ಕಡೆಯ ಗೌರವದ ‘ದೋನಾ’ ಸೇರಿಸಿ.

“ಈಗ ಕೇಳಿ.”

ಅವನು ಕೇಳಿದ. ಎಷ್ಟು ದೊಡ್ಡ ಬಕೆಟ್ಟು, ದಿನಕ್ಕೆ ಪುಟ್ಟಿ ಹೆಚ್ಚೋ ಗಾರೆ ಹೆಚ್ಚೋ, ಮೆಟ್ಟಿಲು ಹತ್ತಿಳಿಯುವುದು ಎಷ್ಟು, ಮೊದಲು ನೀರು ಹಾಕುತ್ತೀರೋ ಪುಡಿಯೋ. ಪುಡಿ ಎಂದಳು. ಬೆಂತೊ ಹಾಗೇ ಮಾಡುತ್ತಿದ್ದನಂತೆ. ಮೊದಲು ನೀರು, ಅದರ ಮೇಲೆ ಪುಡಿ ಸ್ವಲ್ಪ ಸ್ವಲ್ಪವೇ ಉದುರಿಸಬೇಕು, ತಳದಲ್ಲಿ ಗಂಟು ಉಳಿಯುವುದು ಅದಕ್ಕೇ ಎಂದ ಗಾಸ್ಪರ್. ಬೆಂತೊನ ತೋಳಿಗೆ ಗಂಟಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಆದ್ದರಿಂದ ಅವನಿಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಕ್ಕಿಲ್ಲ. ಆಮೇಲೆ ಒಂದು ಬಕೆಟ್ಟು, ಅರ್ಧ ಚೀಲ ಗಾರೆ, ಒಡೆದು ಮಾರಲಾಗದ ಒಂದು ಪುಟ್ಟಿಯ ಡಬ್ಬ ಎತ್ತಿಕೊಂಡು ಅವಳನ್ನು ಅಂಗಡಿಯ ಹಿತ್ತಿಲಿಗೆ ಕರೆದುಕೊಂಡು ಹೋದ.

ಮೊದಲು ಕೊಟ್ಟದ್ದು ಬ್ಯಾಟರಿಯದು. ಹಗುರ, ವೈರಿನ ಕಾಟವಿಲ್ಲ. ಪುಟ್ಟಿಯಲ್ಲಿ ಚೆನ್ನಾಗಿಯೇ ಓಡಿತು. ಗಾರೆಗೆ ಇಳಿಸಿದೊಡನೆ ಮುನಿಸಿಕೊಂಡವರಂತೆ ನಿಂತು ನಿಂತು ಹೋಯಿತು. ಸುಡದ ಹಾಗೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ ಎಂದ ಗಾಸ್ಪರ್. ಹಾಗೆ ಕಾಪಾಡಿಕೊಳ್ಳಲು ತಮಗೂ ಬಂದಿದ್ದರೆ ಎಂದುಕೊಂಡು ಅಲ್ದೀನಾ ಅದನ್ನು ಕೆಳಗಿಟ್ಟಳು.

ಎರಡನೆಯದು ಬೇರೆಯೇ ಆಕಾರದ್ದು. ನಡುವೆ ಮೋಟರು, ಎರಡೂ ಕಡೆ ಸೈಕಲ್ಲಿನ ಹ್ಯಾಂಡಲಿನಂತೆ ಅಗಲವಾದ ಹಿಡಿ. ತೂತು ಕೊರೆಯಲು ಬರುವುದಿಲ್ಲ, ಕಲಸುವುದೊಂದೇ ಇದರ ಕಸುಬು. ಒಂದು ನಿಧಾನದ ಗೇರು, ಒಂದು ಜೋರಿನ ಗೇರು. ಗಾಸ್ಪರ್ ಕಡೆಗೋಲನ್ನು ಅವಳ ಎತ್ತರಕ್ಕೆ ತಕ್ಕಂತೆ ಗಿಡ್ಡದ್ದು ಹಾಕಿಕೊಟ್ಟ. ಹಿಡಿ ಸೊಂಟದ ಹತ್ತಿರಕ್ಕೆ ಬಂತು. ಅವಳು ಬೆನ್ನು ನೆಟ್ಟಗೆ ಮಾಡಿ ನಿಂತು ಸ್ವಿಚ್ಚು ಒತ್ತಿದಳು. ಅದು ನಿಧಾನವಾಗಿ ಎದ್ದು, ಆಮೇಲೆ ತನ್ನ ಓಟಕ್ಕೆ ಬಂತು. ಗಾಸ್ಪರ್ ಬೇಕೆಂದೇ ಒಂದು ಹಿಡಿ ಒಣ ಪುಡಿಯನ್ನು ತಳಕ್ಕೆ ತಳ್ಳಿದ. ಕಡೆಗೋಲು ಅದನ್ನು ಕಚ್ಚಿತು. ಎರಡೂ ಹಿಡಿಗಳು ಅಂಗೈಗಳಿಗೆ ಒಮ್ಮೆ ಒತ್ತಿದವು, ಅವಳು ತಡೆದುಕೊಂಡಳು, ಗಂಟು ಒಡೆಯಿತು. ಉಳುಕಿದ ಕೈ ನೋಯಿತು, ಆದರೆ ಹಿಡಿತ ತಪ್ಪಲಿಲ್ಲ.

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಝೆಫೆರೀನೊ ಕಾಫಿ ಲೋಟ ಹಿಡಿದು ಬಂದು ನಿಂತ.

“ಏನು ದೋನಾ ಅಲ್ದೀನಾ, ಮೇಸ್ತ್ರಿಗೆ ಕೇಕು ಮಾಡ್ತಿದೀರಾ?”

“ಹೂಂ ಕಣಪ್ಪ. ಹಲ್ಲು ಗಟ್ಟಿ ಇದ್ರೆ ನಿಂಗೂ ಒಂದು ತುಂಡು ಕೊಡ್ತೀನಿ.”

ಗಾಸ್ಪರ್ ನಕ್ಕ. ಅಲ್ದೀನಾ ನಗಲಿಲ್ಲ. ಮಾತು ಸಂಜೆಯೊಳಗೆ ಕ್ಲಬ್ಬಿಗೆ ಮುಟ್ಟುತ್ತದೆ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಹೇಳಬೇಡ ಎಂದು ಕೇಳಿಕೊಳ್ಳಬಹುದಿತ್ತು. ಅದಕ್ಕೂ ತ್ರಾಣ ಬೇಕು. ಅವಳು ಮಷಿನ್ನನ್ನು ತೊಳೆದು ಪುಟ್ಟಿಗೆ ಇಳಿಸಿದಳು. ನಿಧಾನದ ಗೇರಿನಲ್ಲಿ ಹೊತ್ತು ಹಿಡಿಯಿತು, ಆದರೆ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ.

“ತೂಕ ಜಾಸ್ತಿ,” ಎಂದು ಎಚ್ಚರಿಸಿದ ಗಾಸ್ಪರ್. “ಕಲಸೋವಾಗ ಗೊತ್ತಾಗಲ್ಲ. ಹೊರೋವಾಗ ಗೊತ್ತಾಗತ್ತೆ.”

ಅವಳು ಕಡೆಗೋಲನ್ನು ಬಿಚ್ಚಿ ಬೇರೆಯಾಗಿಟ್ಟು, ಮಷಿನ್ನನ್ನು ಎಡಗೈಯಲ್ಲಿ ಎತ್ತಿಕೊಂಡು ಹಿತ್ತಿಲ ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೊಮ್ಮೆ ಹತ್ತಿದಳು. ಮೇಲೆ ನಿಂತು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. ಇದಾಗಬಹುದು ಎಂದಳು. ಅವಳು ತಂದಿದ್ದ ದಪ್ಪ ಡ್ರಿಲ್ಲನ್ನು ಗಾಸ್ಪರ್ ವಾಪಸು ತೆಗೆದುಕೊಂಡ. ಗಾರೆ ಹತ್ತಿದ ಮಾಲು ಅದು, ಹಾಗೆ ತೆಗೆದುಕೊಳ್ಳಬೇಕಾದ ದರ್ದು ಅವನಿಗಿರಲಿಲ್ಲ. ಯಾರಾದರೂ ಬೆಂತೊನಂಥವನು ಬಂದೇ ಬರುತ್ತಾನೆ ಎಂದಷ್ಟೇ ಹೇಳಿದ.

ಅಮಾರೊ ಕ್ಲಬ್ಬಿನಿಂದ ಎಂದಿಗಿಂತ ಬೇಗ ಬಂದ. ಅಡುಗೆಮನೆಯ ಮೂಲೆಯಲ್ಲಿದ್ದ ಮಷಿನ್ನನ್ನು ನೋಡಿದ, ಬೂಟು ಬಿಚ್ಚಿದ. ಅವಳು ಹುರಿದ ಮೀನು, ಆಲೂಗೆಡ್ಡೆ ಬಡಿಸಿದಳು. ಅವನು ಮೀನಿನ ಮುಳ್ಳುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಜೋಡಿಸುತ್ತ ಬಹಳ ಹೊತ್ತು ತಿಂದ. ಅವಳು ಜಗಳಕ್ಕೆ ಸಿದ್ಧಳಾಗಿ ಕೂತಿದ್ದಳು. ಏನೇನು ಹೇಳಬೇಕೆಂದು ಟ್ರಾಮಿನಲ್ಲೇ ಯೋಚಿಸಿಕೊಂಡು ಬಂದಿದ್ದಳು.

“ಝೆಫೆರೀನೊ ಎಲ್ಲಾ ಹೇಳ್ದ,” ಅಂದ ಕೊನೆಗೆ.

“ಹೇಳ್ತಾನೆ ಅಂತ ಗೊತ್ತಿತ್ತು.”

“ನೀನು ಹೆಂಗೆ ನಿಂತ್ಕೊಂಡಿದ್ದೆ ಅಂತ ಮಾಡಿ ತೋರಿಸ್ದ. ಎಲ್ಲಾ ನಕ್ರು.”

“ಆಮೇಲೆ?”

ಅಮಾರೊ ಚಮಚವನ್ನು ಕೆಳಗಿಟ್ಟ. “ಆಮೇಲೆ ಏನಿಲ್ಲ. ಎಲೆ ಹಂಚಿದ್ರು. ಆಟ ಆಡಿದ್ವಿ.”

ಅವನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಗಿತ್ತು. ಇಡೀ ಚಳಿಗಾಲ ಯಾವುದಕ್ಕೆ ಹೆದರಿ ಬದುಕಿದ್ದನೋ ಅದು ಒಂದು ನಗುವಿನಲ್ಲಿ ಮುಗಿದುಹೋಗಿತ್ತು. ಯಾರಿಗೂ ಅದರ ಮೇಲೆ ಅಷ್ಟೊಂದು ಆಸ್ಥೆಯೇ ಇರಲಿಲ್ಲ. ಅಲ್ದೀನಾಳಿಗೆ ಅವನ ಮೇಲೆ ಮರುಕ ಬಂತು. ಸಿಟ್ಟೂ ಹಾಗೇ ಉಳಿದಿತ್ತು. ಯೋಚಿಸಿಕೊಂಡು ಬಂದ ಮಾತುಗಳಲ್ಲಿ ಒಂದನ್ನು ಮಾತ್ರ ಆಡಿದಳು.

“ನನ್ನ ಕೈ ತಿರುಚಿದಾಗ ನೀನು ಗೋಡೆ ಕೆರೀತಾ ನಿಂತಿದ್ದೆ ಅಮಾರೊ. ಆ ಯಮ್ಮ ನನ್ನನ್ನ ಬೈತಿದ್ರು, ನೀನು ಗೋಡೆ ಕೆರೀತಿದ್ದೆ.”

ಅವನು ತಲೆ ಎತ್ತಲಿಲ್ಲ. ಹೌದು ಅಂದ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಹೌದು ಅಂದ. ತಟ್ಟೆಗಳನ್ನು ಅವನೇ ತೊಳೆದ. ಮಲಗುವ ಮುಂಚೆ ಅವಳ ಪಟ್ಟಿ ಬಿಚ್ಚಿ, ಊದಿದ ಮಣಿಕಟ್ಟಿಗೆ ತನ್ನ ಭುಜದ ಮುಲಾಮನ್ನು ಸವರಿ, ಹೊಸದಾಗಿ ಸುತ್ತಿದ.

ಊತ ಇಳಿಯುವವರೆಗೆ ಕೆಲಸ ನಿಲ್ಲಿಸಬೇಕಾಯಿತು. ಒರೀಸ್ಯಾಗೆ ಫೋನು ಮಾಡಿ ತಡವಾಗುತ್ತದೆ ಎಂದು ಹೇಳಿದ್ದು ಅಮಾರೊ. ಯಾಕೆಂದು ಆಕೆ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮತ್ತೆ ಹೋದ ದಿನ ವ್ಯಾನಿನಿಂದ ಮಷಿನ್ನನ್ನು ಅಲ್ದೀನಾ ಇಳಿಸಿದಳು, ಕಡೆಗೋಲನ್ನು ಅವನು ಹೊತ್ತ. ಅವಳು ಮೊದಲು ನೀರು ಹಾಕಿ, ಅದರ ಮೇಲೆ ಪುಡಿಯನ್ನು ಉದುರಿಸುತ್ತ ಹೋದಳು. ಅವನು ಬಾಗಿಲಲ್ಲಿ ನಿಂತು ನೋಡಿದ. ತಪ್ಪು ಹುಡುಕುತ್ತಿದ್ದಾನೆ ಎಂದುಕೊಂಡಳು. ಹುಡುಕುತ್ತಲೂ ಇದ್ದ. ಗಾರೆಯನ್ನು ಕರಣೆಯ ಮೇಲೆ ಎತ್ತಿ ಓರೆ ಮಾಡಿದ. ಅದು ಜಾರಲಿಲ್ಲ.

“ಇನ್ನೊಂಚೂರು ನೀರು ಹಿಡಿಯತ್ತೇನೋ,” ಎಂದು ಗೊಣಗಿ, ಗಾರೆಯನ್ನು ಎತ್ತಿಕೊಂಡು ಒಳಗೆ ಹೋದ. ನೀರು ಹಾಕಲು ಹೇಳಿ ಕಳಿಸಲಿಲ್ಲ.

ಬೆಳಿಗ್ಗೆಯೆಲ್ಲ ಹಾಗೆಯೇ ನಡೆಯಿತು. ಮಷಿನ್ನು ಒಳ್ಳೆಯದಾಗಿತ್ತು, ನಿಜ. ಆದರೆ ಚೀಲ ಚೀಲವೇ, ಮೆಟ್ಟಿಲು ಮೆಟ್ಟಿಲೇ, ಬಕೆಟ್ಟು ಪ್ರತಿಸಲವೂ ತೊಳೆಯಲೇಬೇಕು. ಮಧ್ಯಾಹ್ನ ಬ್ರೆಡ್ಡು, ಹಂದಿಮಾಂಸದ ಚೊರೀಸು ತಿಂದಾದ ಮೇಲೆ ಅಲ್ದೀನಾ ಪುಟ್ಟಿಯ ಚೀಲಗಳ ರಾಶಿಗೆ ಬೆನ್ನು ಕೊಟ್ಟು ಕೂತಳು. ಒಂದು ನಿಮಿಷ ಎಂದುಕೊಂಡಳು. ಬಾಯಿ ಅರೆತೆರೆದು, ಕೂದಲ ತುಂಬ ಬಿಳಿ ಧೂಳು ಮೆತ್ತಿಕೊಂಡು ನಿದ್ದೆ ಹೋದಳು.

ಅಮಾರೊ ಕರೆಯಲಿಲ್ಲ. ಉಳಿದಿದ್ದ ಪುಟ್ಟಿಯನ್ನು ತಟ್ಟೆಗೆ ಕೆರೆದುಕೊಂಡು, ಗಾರೆ ರಾಚಿ ಹಾಳಾಗಿದ್ದ ಗೋಡೆಗೆ ಸದ್ದಾಗದಂತೆ ಎಳೆಯುತ್ತ ಹೋದ. ಮಂಡಿಯೂರಿ ಕೆಳಗಿನ ಅಂಚು ಮುಗಿಸುತ್ತಿದ್ದಾಗ ಒರೀಸ್ಯಾ ಎರಡು ಲೋಟ ಚಹಾ ಹಿಡಿದು ಇಳಿದು ಬಂದರು. ಮಲಗಿದವಳನ್ನು ನೋಡಿ ಅಲ್ಲೇ ನಿಂತು, ಪಾಪ, ಕೈ ವಾಸಿಯಾಯಿತೇ, ಕ್ಲೀನಿಂಗಿಗೆ ಇಷ್ಟು ಬೇಗ ಕರೆತರಬೇಕಿತ್ತೇ ಎಂದು ದನಿ ತಗ್ಗಿಸಿ ಕೇಳಿದರು.

ಅಮಾರೊ ಎದ್ದು ನಿಲ್ಲಲು ಗೋಡೆಯ ಆಸರೆ ಹುಡುಕಿದ. ಗೋಡೆ ಹಸಿಯಿತ್ತು. ಹಾಗೇ ಮಂಡಿಯ ಮೇಲೆಯೇ ಉಳಿದ.

“ಅವ್ಳು ಕ್ಲೀನಿಂಗಿಗೆ ಬಂದಿಲ್ಲ ಮೇಡಂ,” ಅಂದ. “ಮೊದ್ಲಿಂದ್ಲೂ ಕಲಸ್ತಿರೋದು ಅವ್ಳೇ. ನನ್ ಕೈಲಾಗಲ್ಲ. ನಾನೇ ಸುಳ್ಳು ಹೇಳಿದ್ದು.”

ಒರೀಸ್ಯಾ ಅವನನ್ನೂ ಮಷಿನ್ನನ್ನೂ ಅವಳನ್ನೂ ನೋಡಿದರು. ಚಹಾ ಲೋಟಗಳನ್ನು ಮೆಟ್ಟಿಲ ಮೇಲಿಟ್ಟು, ಸಕ್ಕರೆ ಹಾಕಿಲ್ಲ, ಬೇಕಾದರೆ ಮೇಲಿದೆ ಎಂದು ಹೇಳಿ ಹತ್ತಿ ಹೋದರು.

ಅಲ್ದೀನಾಳಿಗೆ ಎಚ್ಚರವಾಗಿತ್ತು. ಯಾವಾಗ ಆಯಿತೋ ಅವಳಿಗೇ ಸರಿಯಾಗಿ ಗೊತ್ತಿಲ್ಲ. ಕಣ್ಣು ಬಿಡದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಒರಗಿದ್ದಳು. ಖುಷಿಯಾಯಿತೆಂದು ಹೇಳಲು ಬರುವುದಿಲ್ಲ. ಬಹಳ ದಿನದಿಂದ ಹೊತ್ತಿದ್ದ ಏನನ್ನೋ ಯಾರೋ ಒಂದು ಕಡೆಯಿಂದ ಎತ್ತಿ ಹಿಡಿದರೆ ಹೇಗೋ ಹಾಗಿತ್ತು. ಭಾರ ಇದ್ದೇ ಇತ್ತು.

ಕರಣೆ ಖಾಲಿ ತಟ್ಟೆಯನ್ನು ಕೆರೆಯುವ ಸದ್ದು ಕೇಳಿಸಿತು. ಒಮ್ಮೆ, ಇನ್ನೊಮ್ಮೆ. ಇನ್ನು ಕೆರೆಯಲು ಏನೂ ಉಳಿದಿಲ್ಲ ಎಂದು ಅವಳಿಗೆ ಗೊತ್ತಾಯಿತು.

“ಅಲ್ದೀನಾ,” ಅಂದ ಅಮಾರೊ ಮೆಲ್ಲಗೆ. “ಪುಟ್ಟಿ ಮುಗೀತು ಕಣೆ. ಅರ್ಧ ಬಕೆಟ್ ಸಾಕು. ಚಹಾ ಕುಡಿದು ಆಮೇಲೆ ಕಲಸು.”

ಅವಳು ಕಣ್ಣು ಬಿಟ್ಟು, ನೆಲಕ್ಕೆ ಎಡಗೈ ಊರಿ ಎದ್ದಳು. ಚಹಾ ಆಗಲೇ ತಣ್ಣಗಾಗಿತ್ತು. ಮೆಟ್ಟಿಲ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು, ಸಕ್ಕರೆಯಿಲ್ಲದೆಯೇ ಅದನ್ನು ಕುಡಿದರು.